ತಾರಸಿ ಹಸಿರಿಗೆ ಆಸ್ತಿ ತೆರಿಗೆ ರಿಯಾಯಿತಿ: ಶಿವಮೊಗ್ಗದಲ್ಲಿ ಷರತ್ತು ಏನಿರಬೇಕು?

ವಿನೋಬನಗರವಾಸಿ: ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟುವವರಿಗೆ ಶೇ 5 ರಿಯಾಯಿತಿ ಇದೆಯಲ್ಲ, ತಾರಸಿ ಮೇಲೆ ಹುಲ್ಲು-ಗಿಡ ಬೆಳೆಸಿದವರಿಗೂ ಹಾಗೇ ಕೊಡಬಹುದಾ?

ಕಾಲಂಬೀಮ್: ನ್ಯೂಯಾರ್ಕ್ 2008ರಲ್ಲಿ ಇಂಥದ್ದಕ್ಕೆ ಆಸ್ತಿ ತೆರಿಗೆಯಲ್ಲಿ ಚದರಡಿಗೆ 4.50 ಡಾಲರ್ ರಿಯಾಯಿತಿ ತಂದಿತು. ಚಾವಣಿಯ ಅರ್ಧವಾದರೂ ಹಸಿರಿರಬೇಕಿತ್ತು. ನಮ್ಮಲ್ಲಿ ಮೊದಲ ಷರತ್ತು ಭಾರದ್ದು. 10 ಸೆಂ.ಮೀ. ಮಣ್ಣು ಮಳೆಗೆ ನೆನೆದರೆ ಚದರ ಮೀಟರಿಗೆ 150 ಕೆ.ಜಿ. ದಾಟುತ್ತದೆ. ಓಡಾಡುವ ತಾರಸಿಗೆ ಐಎಸ್ 875 (ಕಟ್ಟಡದ ಭಾರಗಳ ಭಾರತೀಯ ಮಾನಕ) ಹಿಡಿಯುವ ಚರಭಾರವೇ, ಅಂದರೆ ಜನ-ಸಾಮಾನಿನ ಭಾರವೇ, ಅಷ್ಟು. ಎಂಜಿನಿಯರ್ ಪ್ರಮಾಣಪತ್ರ ಕಡ್ಡಾಯವಾಗಲಿ. ಹೆಂಚಿನ ಮನೆಯ ಮಾತೇ ಬೇಡ.

ಮೇಸ್ತ್ರಿಮಾತು: ವಾಟರ್‌ಪ್ರೂಫಿಂಗ್ ಆದಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿ. ನಂತರ ಬೇರು ತಡೆಯುವ ಹಾಳೆ, ನೀರು ಹರಿದುಹೋಗೋಕೆ ಡ್ರೈನ್ ಶೀಟ್, ಮಣ್ಣು ಸೋಸಿ ಹೋಗದಂತೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮಣ್ಣು. ನೀರು ಹೊರಹೋಗುವ ಔಟ್‌ಲೆಟ್ ಸುತ್ತ ಒಂದಡಿ ಬರೀ ಜಲ್ಲಿ ಇರಲಿ. ಎಲೆ ಕಟ್ಟಿಕೊಂಡು ನೀರು ನಿಂತು ಸೋರೋದು ಅಲ್ಲೇ.

ತುಂಗಾತೀರ: ಪರಿಶೀಲನೆ ಮಾರ್ಚ್‌ನಲ್ಲಿ ಆಗಲಿ ಸಾರ್. ಮಳೆಗಾಲದಲ್ಲಿ ನಮ್ಮೂರ ಬರೀ ತಾರಸಿಯೂ ಪಾಚಿ ಕಟ್ಟಿ ಹಸಿರೇ!