ಪುಲಿಕಾಟ್‌ನಲ್ಲಿ ಹೆಜ್ಜಾರ್ಲೆ ಗೂಡು ಎಲ್ಲಿ?

ಕಾಫಿತೋಟ: ಗೋಣಿಕೊಪ್ಪದಿಂದ ಆಂಧ್ರ-ತಮಿಳುನಾಡು ಗಡಿಯ ಪುಲಿಕಾಟ್‌ಗೆ ಹೋಗೋಣ ಅಂತಿದೀವಿ, ಹೆಜ್ಜಾರ್ಲೆ (ಪೆಲಿಕನ್) ಮರಿ ಮಾಡೋದು ಆ ಉಪ್ಪುನೀರಿನ ಸರೋವರದಲ್ಲೇನಾ? ಹತ್ರ ಹೋಗಿ ಫೋಟೋ ತೆಗೀಬಹುದಾ?

ಹೊಳೆದಂಡೆ: ಇಲ್ಲ ಅಣ್ಣ, ಗೂಡು ಕಟ್ಟೋದು ಪಕ್ಕದ ನೇಲಪಟ್ಟು ಕೆರೆಯ ಮರಗಳಲ್ಲಿ, ಮೀನಿಗೆ ಮಾತ್ರ ಪುಲಿಕಾಟ್‌ಗೆ ಹಾರ್ತವೆ, ಅದಕ್ಕೇ ಕೆರೆ ಒಂದನ್ನೇ ಕಾಪಾಡಿದ್ರೆ ಸಾಲಲ್ಲ, ಸರೋವರ ಸಮುದ್ರಕ್ಕೆ ಸೇರೋ ಬಾಯಿ ಮರಳಿಂದ ಮುಚ್ಚಿಕೊಂಡ್ರೆ ಮೀನು ಕಮ್ಮಿಯಾಗುತ್ತೆ, ಆಮೇಲೆ ಮರಿಗೇನು ತಿನ್ಸೋದು ಹೇಳಿ.

ಮಳೆಹಕ್ಕಿ: ದಯವಿಟ್ಟು ದೂರದಿಂದ್ಲೇ ನೋಡಿ. ಅದರಲ್ಲೂ ರೀವ (ಟರ್ನ್) ಹಕ್ಕಿ ತೆರೆದ ಮರಳ ಮೇಲೆ ಮೊಟ್ಟೆ ಇಡುತ್ತೆ, ನಾವು ಹತ್ರ ಹೋದ್ರೆ ತಾಯಿ ಎದ್ದೋಗುತ್ತೆ, ಬಿಸಿಲಿಗೆ ಮೊಟ್ಟೆ ಹಾಳು, ನಾಯಿ ಕಾಗೆ ಕಾಟ ಬೇರೆ. ನಮ್ಮ ಕಾವೇರಿ ಹರಿಯೋ ರಂಗನತಿಟ್ಟಲ್ಲೂ ರೀವಗಳು ಬಂಡೆ ಮೇಲೆ ಮೊಟ್ಟೆ ಇಡ್ತವೆ.

ಕಾಫಿತೋಟ: ಗೊತ್ತಿರ್ಲಿಲ್ಲ, ಬೈನಾಕ್ಯುಲರ್ ತಗೊಂಡು ಹೋಗ್ತೀವಿ.