ಸಹಾಯ ಬೇಕು: ಮಾತಾಡದ ಮಕ್ಕಳಿಗೆ ಅಂಕ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ತರಗತಿಯಲ್ಲಿ ಬೇರೆ ಬೇರೆ ಭಾಷೆ, ಸಂಸ್ಕೃತಿಯ ಮಕ್ಕಳಿದ್ದಾರೆ. ನಾನು ಬೆಳೆದ ಮನೆಯಲ್ಲಿ ಕೇಳಿದ ತಕ್ಷಣ ಉತ್ತರ ಕೊಡಬೇಕಿತ್ತು, ಮುಖ ನೋಡಿ ಮಾತಾಡಬೇಕಿತ್ತು. ಜಾಣತನ ಅಂದ್ರೆ ಅದೇ ಅನ್ನೋದು ನನ್ನೊಳಗೆ ಕೂತುಬಿಟ್ಟಿದೆ. ಆದರೆ ಒಬ್ಬಳು ಹುಡುಗಿ ತಲೆ ತಗ್ಗಿಸಿ, ಪೆನ್ಸಿಲ್ ತಿರುಗಿಸುತ್ತಾ ಸುಮ್ನೆ ಕೂತಿರುತ್ತಾಳೆ. ಅವಳ ನೋಟ್‌ಬುಕ್ ತೆರೆದರೆ ಎಲ್ಲ ಉತ್ತರವೂ ಸರಿ! ದೊಡ್ಡವರ ಮುಂದೆ ಕಣ್ಣು ತಗ್ಗಿಸುವುದು ಎಷ್ಟೋ ಕಡೆ ಗೌರವ, ಅಲ್ವಾ?

ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಜಾಸ್ತಿ ಮಕ್ಕಳು ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದನ್ನು ಶುರು ಮಾಡಿದ್ದೇನೆ. ಆದರೆ ಅಂಕ ಕೊಡುವಾಗ ದಾರಿ ಕಾಣುತ್ತಿಲ್ಲ. ಇಂಥ ಮಕ್ಕಳು ಪಾಠದಲ್ಲಿ ಎಷ್ಟು ತೊಡಗಿದ್ದಾರೆ ಎಂದು ನೀವು ಹೇಗೆ ಅಳೆಯುತ್ತೀರಿ? ದಯವಿಟ್ಟು ತಿಳಿಸಿ.