'ದಾಖಲಾತಿ' ಅಂದರೆ ಬರೆದುಕೊಳ್ಳುವುದಾ, ಸೇರಿಸಿಕೊಳ್ಳುವುದಾ?

ಮಂಜೇಶ್ವರದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ತುರ್ತು. ನಾಳೆ ಬೆಳಗ್ಗೆ ಫಲಕ ಪ್ರಿಂಟಿಗೆ ಹೋಗುತ್ತದೆ.

ನಮ್ಮ ಕಡೆಯ ಒಂದು ಸರಕಾರಿ ಆಸ್ಪತ್ರೆಗೆ ಕನ್ನಡ ಫಲಕ ಬರೆದುಕೊಡುತ್ತಿದ್ದೇನೆ. ಈಗ ಅಲ್ಲಿ ಕೆಲಸ ಜಾಸ್ತಿ ಕಂಪ್ಯೂಟರಿನಲ್ಲೇ, ಕೇರಳದ ಇ-ಹೆಲ್ತ್ ವ್ಯವಸ್ಥೆ. ಮೊದಲು ಕೌಂಟರಿನಲ್ಲಿ ಯುಎಚ್‌ಐಡಿ ಕಾರ್ಡ್ (ರೋಗಿಯ ಗುರುತಿನ ಸಂಖ್ಯೆ ಇರುವ ಕಾರ್ಡ್) ತೋರಿಸಿ ಒಪಿ (ಹೊರರೋಗಿ) ಚೀಟಿ, ಟೋಕನ್ ತೆಗೆದುಕೊಳ್ಳಬೇಕು. ಆಮೇಲೆ ನರ್ಸ್ ಹತ್ತಿರ ಹೋಗಬೇಕು. ಅವರು ಬಿಪಿ, ತೂಕ, ಜ್ವರ ನೋಡಿ ಸಿಸ್ಟಮ್‌ಗೆ ಹಾಕುತ್ತಾರೆ. ಡಾಕ್ಟರಿಗೆ ಅದು ತಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆ. ಅವರು ಬರೆದ ಮದ್ದು ನೇರ ಫಾರ್ಮಸಿಗೆ ಹೋಗುತ್ತದೆ.

ನರ್ಸ್ ಕೂರುವಲ್ಲಿಗೆ ನಾನು 'ದಾಖಲಾತಿ' ಅಂತ ಬರೆದಿದ್ದೆ. ಕಾಗದದಲ್ಲಿ ಪ್ರಿಂಟ್ ತೆಗೆದು ಅಂಟಿಸಿದ್ದರು. ಅಜ್ಜಿಯೊಬ್ಬರು ಅದನ್ನು ಓದಿ, 'ನನ್ನನ್ನು ಇಲ್ಲೇ ನಿಲ್ಲಿಸ್ತಾರಾ?' ಅಂತ ಹೆದರಿ, ಬಿಪಿಯೂ ನೋಡಿಸದೆ ಮನೆಗೆ ಹೋದರಂತೆ. ಕೇಳಿ ತುಂಬ ಬೇಜಾರಾಯಿತು. ಕಂಪ್ಯೂಟರಿಗೆ ಹಾಕುವುದನ್ನು ಸಿಬ್ಬಂದಿ 'ಎಂಟ್ರಿ' ಅನ್ನುತ್ತಾರೆ. ಬೇರೆ ಪದ ಇದೆಯಾ?

ಧಾರವಾಡದಿಂದ:

'ದಾಖಲಾತಿ' ಬೇಡ. ಅರಬ್ಬಿ ಮೂಲದ್ದು. 'ನೋಂದಣಿ'ಯೂ ಬೇಡ, ಅದು ಮರಾಠಿಯಿಂದ ಬಂದದ್ದು. ನಮ್ಮದೇ 'ಕಡತ' ಇದೆಯಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರಿಗೆ ಇದಕ್ಕಿಂತ ಹೊಂದುವ ಪದ ಎಲ್ಲಿದೆ? 'ಕಡತಿಸು' ಅನ್ನಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಪೆರ್ಲದಿಂದ:

ಇದೆ. 'ಕಡತಿಸು' ಯಾರ ಬಾಯಲ್ಲೂ ಇಲ್ಲ. ಫಲಕ ಇರುವುದು ಕಾಯಿಲೆಯವರಿಗೆ.

'ದಾಖಲ್' ಅಂದರೆ ಒಳಗೆ ಹೋಗುವುದು. ಇಂಗ್ಲಿಷಿನ ಎಂಟ್ರಿಯೂ ಅದೇ ಅಲ್ವಾ? ಮನುಷ್ಯ ಒಳಗೆ ಹೋದರೂ ದಾಖಲು, ಮಾತು ಪುಸ್ತಕದೊಳಗೆ ಹೋದರೂ ದಾಖಲು. ಶಾಲೆಗೆ ಮಗು ದಾಖಲು, ಠಾಣೆಯಲ್ಲಿ ದೂರು ದಾಖಲು. ಅಲ್ಲೆಲ್ಲ ಯಾರಿಗೂ ಗೊಂದಲ ಇಲ್ಲ. ಆಸ್ಪತ್ರೆಯಲ್ಲಿ ಎರಡೂ ಒಂದೇ ಮಾಡಿನ ಕೆಳಗೆ ನಡೆಯುತ್ತವೆ. ಅಜ್ಜಿ ಸರಿಯಾಗಿಯೇ ಓದಿದ್ದಾರೆ.

ಇನ್ನು ಎರವಲಿನ ಮಾತು. 1956ರ ನವೆಂಬರ್ 1ರಿಂದ ನಾವು ಕಾಸರಗೋಡಿನ ಕನ್ನಡಿಗರು ಕೇರಳದಲ್ಲಿದ್ದೇವೆ. ಅರಬ್ಬಿ, ಮರಾಠಿ ಪದಗಳಿಂದ ನಮಗೆ ಒಂದು ದಿನವೂ ತೊಂದರೆ ಆಗಿಲ್ಲ. ತೊಂದರೆ ಆಗುವುದು ನಮ್ಮದೇ ಪದ ಬೇರೆ ಅರ್ಥ ಹೊತ್ತು ಬಂದಾಗ. ಮಲಯಾಳದಲ್ಲಿ 'ಅಪೇಕ್ಷ' ಅಂದರೆ ಅರ್ಜಿ. ನಮಗೆ ಅದು ಆಸೆ. ಅಲ್ಲಿ 'ಅವಕಾಶ' ಅಂದರೆ ಹಕ್ಕು. ಸುಮ್ನೆ ಲಿಪಿ ಬದಲಿಸಿ 'ರೋಗಿಗಳ ಅವಕಾಶಗಳು' ಅಂತ ಬರೆದರೆ, ಕನ್ನಡ ಮಾತ್ರ ಓದುವವರಿಗೆ ತಮ್ಮ ಹಕ್ಕೇ ಗೊತ್ತಾಗುವುದಿಲ್ಲ. ಸಿಟ್ಟು ಬರಬೇಕಾದದ್ದು ಅದಕ್ಕೆ. 'ದಾಖಲಾತಿ'ಯ ಜಾತಕ ನೋಡುತ್ತ ಕೂತರೆ ಏನು ಸಿಗುತ್ತದೆ?

ಸೇರಿಸಿಕೊಳ್ಳುವಲ್ಲಿ 'ಒಳರೋಗಿ ಸೇರ್ಪಡೆ' ಅಂತ ಹಾಕಿ. ನರ್ಸ್ ಇರುವಲ್ಲಿ 'ಬಿಪಿ, ತೂಕ ನೋಡುವ ಜಾಗ' ಅಂತ ಹಾಕಿ. ಕಂಪ್ಯೂಟರಿಗೆ ಹಾಕುವುದು ಸಿಬ್ಬಂದಿಯ ಕೆಲಸ. ಅದರ ಹೆಸರು ಗೋಡೆಯ ಮೇಲೆ ಯಾಕೆ ಬೇಕು?

ಧಾರವಾಡದಿಂದ:

'ಜಾಗ' ಪಾರ್ಸಿ.

ಮಂಜೇಶ್ವರದಿಂದ:

ಇರಲಿ ಸರ್. ಜಾಗ ಬಿಟ್ಟೆ. ಪೆರ್ಲದವರ ಮಾತು ನನಗೆ ಸರಿ ಕಂಡಿತು. ಅದನ್ನೇ ಸ್ವಲ್ಪ ಬದಲಿಸಿದ್ದೇನೆ.

ಸಿಬ್ಬಂದಿಯ ಕೈಪಿಡಿಯಲ್ಲಿ ಮಾತ್ರ 'ಎಂಟ್ರಿ' ಹಾಗೇ ಇರುತ್ತದೆ. ಇವತ್ತು ಸಂಜೆ ಅಲ್ಲಿಗೆ ಹೋಗಿದ್ದೆ. ಸರ್ವರ್ ಹೋದ ದಿನ ಅವರು ಎಲ್ಲವನ್ನೂ ಕಾಗದದಲ್ಲಿ ಬರೆದಿಡುತ್ತಾರೆ. ಸರಿಯಾದ ಮೇಲೆ ಕೂತು ಒಂದೊಂದೇ ಎಂಟ್ರಿ ಮಾಡುತ್ತಾರೆ. 'ಬರೆದಾಗಿದೆ, ಎಂಟ್ರಿ ಆಗಿಲ್ಲ' ಅನ್ನುವುದು ಅಲ್ಲಿ ದಿನದ ಮಾತು. 'ಬರೆ' ಹಾಕಿದರೂ 'ದಾಖಲಿಸು' ಹಾಕಿದರೂ ಆ ವ್ಯತ್ಯಾಸ ಹೋಗುತ್ತದೆ. ವ್ಯತ್ಯಾಸ ಹೋದರೆ ಯಾರದೋ ಬಿಪಿ ಡಾಕ್ಟರಿಗೆ ಕಾಣುವುದಿಲ್ಲ.

ಪ್ರಿಂಟಿಗೆ ಹೋಗುತ್ತಿರುವುದು ಇದು, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಒಂದು ಬಾಣ: 'ಬಿಪಿ, ತೂಕ ಇಲ್ಲಿ ನೋಡುತ್ತಾರೆ.'